ಸಜ್ಜಾಕ್ಕೆ ಕಲಾಯಿ

ಗೌಂಡಿಯಾದವನು ಊರವರ ಮನೆಗಳನ್ನು ಬುದ್ಧಿಯಿಂದ ಕಟ್ಟುತ್ತಾನೆ, ತನ್ನ ಮನೆಯನ್ನು ಮಾತ್ರ ಆಸೆಯಿಂದ ಕಟ್ಟುತ್ತಾನೆ. ಬೇರೆಯವರ ಮನೆಯಲ್ಲಿ ಮಾಲೀಕ ಇರುತ್ತಾನೆ, ಮಾಲೀಕನ ಹೆಂಡತಿ ಇರುತ್ತಾಳೆ, ಹೆಂಡತಿಯ ಅಣ್ಣ ಅಂತ ಒಬ್ಬ ಇದ್ದೇ ಇರುತ್ತಾನೆ. ಇದು ಬ್ಯಾಡ, ಅದು ಬ್ಯಾಡ ಎನ್ನಲು ನಾಲ್ಕು ಬಾಯಿ ಇರುವುದರಿಂದ ಆ ಮನೆಗಳು ಮನೆಯ ಹಾಗೆ ಕಾಣುತ್ತವೆ. ಸ್ವಂತ ಮನೆಗೆ ನಾವೇ ಮಾಲೀಕರು, ನಾವೇ ಗೌಂಡಿ, ತಡೆಯುವವರಿಲ್ಲ. ನನಗೆ ಗೊತ್ತಿರುವ ಒಬ್ಬ ಗೌಂಡಿ ತನ್ನ ಅಡುಗೆಮನೆಗೆ ಎರಡು ಕಮಾನು ಕಟ್ಟಿಕೊಂಡ. ಕಮಾನುಗಳು ಚೆನ್ನಾಗಿಯೇ ಬಂದವು, ಒಲೆಗೆ ಜಾಗ ಉಳಿಯಲಿಲ್ಲ. ಅವನ ಹೆಂಡತಿ ಇವತ್ತಿಗೂ ಹಿತ್ತಲಲ್ಲಿ ಕುಳಿತು ರೊಟ್ಟಿ ಬಡಿಯುತ್ತಾಳೆ. ಅವನನ್ನು ನೋಡಿ ಮೊದಲು ನಕ್ಕವನು ನಾನು. ನಕ್ಕು ಮನೆಗೆ ಬಂದು, ನನ್ನ ಮುಂಬಾಗಿಲ ಮೇಲೆ ತಾಮ್ರದ ಸಜ್ಜಾ ಹಾಕಿದೆ.

ನನ್ನ ಹೆಸರು ಯಮನೂರಪ್ಪ. ಹುಟ್ಟಿದ್ದು ಅಳವಂಡಿಯಲ್ಲಿ, ಮನೆ ಕಟ್ಟಿಕೊಂಡದ್ದು ಕೊಪ್ಪಳದಲ್ಲಿ. ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟೆ ಎನ್ನುವುದಕ್ಕಿಂತ, ನಮ್ಮ ಸಾಲಿಯ ಗೋಡೆ ರಿಪೇರಿಗೆ ಬಂದ ಗೌಂಡಿಗಳ ಹಿಂದೆ ಹೋದೆ ಎನ್ನುವುದು ಸರಿ. ಒಳಗೆ ಮಾಸ್ತರರು ಬೋರ್ಡಿನ ಮೇಲೆ ಬರೆದದ್ದನ್ನು ಸಂಜೆಗೆ ಅವರೇ ಒರೆಸುತ್ತಿದ್ದರು. ಹೊರಗೆ ಗೌಂಡಿ ಕಟ್ಟಿದ್ದನ್ನು ಯಾರೂ ಒರೆಸುವಂತಿರಲಿಲ್ಲ. ಯಾವುದು ಗಟ್ಟಿ ಕೆಲಸ ಎಂಬುದು ಆ ವಯಸ್ಸಿಗೇ ನನಗೆ ಹೊಳೆಯಿತು, ಆ ತೀರ್ಮಾನದ ಬಗ್ಗೆ ಇವತ್ತಿಗೂ ಬೇಸರವಿಲ್ಲ. ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ, ಗಂಗಾವತಿಯಲ್ಲಿ ನಾನು ಕಟ್ಟಿದ ಗೋಡೆಗಳಿವೆ. ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕುಳಿತವರಿಗೆ ಅವನ್ನು ತೋರಿಸುತ್ತೇನೆ, ಅವರು ಕೇಳದಿದ್ದರೂ. ಬೆನ್ನಿಗೆ ಬೆವರು, ಬಾಯಿಗೆ ಉತ್ತರ, ಇವೆರಡೂ ನನಗೆ ಎಂದೂ ಕಡಿಮೆಯಾದದ್ದಿಲ್ಲ. ಇರುವ ತೊಂದರೆ ಒಂದೇ, ನನ್ನ ಹೆಂಡತಿ ನೀಲಮ್ಮ ಏಳನೆಯ ಇಯತ್ತೆ ಪಾಸಾದವಳು. ಮನೆಯಲ್ಲಿ ವಾದ ಬಂದಾಗಲೆಲ್ಲ ಆ ಎರಡು ಇಯತ್ತೆಗಳು ನಮ್ಮಿಬ್ಬರ ನಡುವೆ ಎರಡು ಅಂತಸ್ತಿನ ಹಾಗೆ ಎದ್ದು ನಿಲ್ಲುತ್ತವೆ. ಮೇಲಿನ ಅಂತಸ್ತಿನಲ್ಲಿ ಯಾವಾಗಲೂ ಅವಳೇ ಇರುತ್ತಾಳೆ.

ಒಮ್ಮೆ ಅವಳನ್ನು ಇಟಗಿಯ ಮಹಾದೇವ ಗುಡಿಗೆ ಕರೆದುಕೊಂಡು ಹೋಗಿದ್ದೆ. ಕೈಕೆಲಸ ಮಾಡುವವನು ಆ ಗುಡಿಯ ಮುಂದೆ ನಿಂತರೆ ಕೈ ತಾನೇ ಕಂಬದ ಕಡೆ ಹೋಗುತ್ತದೆ. ಆ ಕಂಬಗಳು ಕಲ್ಲಿನವು ಎಂದು ಮುಟ್ಟಿ ನೋಡಿದರೂ ನಂಬಿಕೆ ಬರುವುದಿಲ್ಲ. ನಾನು ಬಹಳ ಹೊತ್ತು ನೋಡಿ, "ಏನನಸ್ತೈತಿ?" ಎಂದು ಕೇಳಿದೆ. ನೀಲಮ್ಮ ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಕಣ್ಣಾಡಿಸಿ, "ಇಷ್ಟು ಸಣ್ಣ ಸಣ್ಣ ಸಂದಿ ಮಾಡ್ಯಾರ, ಧೂಳು ಯಾರು ತಗೀಬೇಕು" ಎಂದಳು. ನನಗೆ ಆಗಲೇ ತಿಳಿಯಬೇಕಿತ್ತು.

ತಿಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ತಾಮ್ರ ಹೊಕ್ಕಿತ್ತು. ಹೊಳೆಯ ದಂಡೆಗೆ, ಆನೆಗೊಂದಿಯ ಕಡೆ ಒಂದು ಹೋಟೆಲಿನ ಗೋಡೆ ಕೆಲಸ ನನಗೆ ಸಿಕ್ಕಿತ್ತು. ಅದರ ಇಂಜಿನಿಯರ್ ಪ್ರವೀಣ ಅಂತ, ಚಿಕ್ಕ ವಯಸ್ಸಿನವರು, ಹುಬ್ಬಳ್ಳಿಯಲ್ಲಿ ಓದಿದವರು. ಗೌಂಡಿಗಳಿಗೂ ಅಣ್ಣ ಎಂದು ಕರೆಯುವಂಥ ಮನುಷ್ಯ. ಅವರು ಆ ಹೋಟೆಲಿನ ಬಾಗಿಲ ಮುಂದೆ ತಾಮ್ರದ ಹಾಳೆಯ ಚಾವಣಿ ಮಾಡಿಸಿದ್ದರು. ಬೆಳಿಗ್ಗೆಯ ಬಿಸಿಲು ಅದರ ಮೇಲೆ ಬಿದ್ದರೆ ಎದುರಿನ ಭತ್ತದ ಗದ್ದೆಯವರೆಗೂ ಕೆಂಪಗೆ ಕಾಣುತ್ತಿತ್ತು. ನಾನು ಯೋಚಿಸಿದೆ. ನಮ್ಮ ಕಡೆ ಮನೆಗೂ ತಾಮ್ರಕ್ಕೂ ನಂಟು ಹೊಸದಲ್ಲ. ಪಾಯ ತುಂಬುವಾಗ ಮೂಲೆಗೆ ಪಂಚಲೋಹದ ಚೂರು ಇಡುತ್ತೇವೆ, ಅದರಲ್ಲಿ ತಾಮ್ರವಿದೆ. ಗೋಡೆಯೊಳಗಿನ ಕರೆಂಟಿನ ತಂತಿ ತಾಮ್ರದ್ದು. ಬಾಗಿಲಿನ ಚಿಲಕ, ಹೊಸ್ತಿಲಿನ ಪಟ್ಟಿ, ನಲ್ಲಿಯ ತಿರುಪು ಹಿತ್ತಾಳೆ. ಅಂದರೆ ತಾಮ್ರವೇ, ಸತುವಿನ ಜೊತೆ ಸಂಸಾರ ಹೂಡಿದ್ದು. ದೇವರ ಮನೆಯ ಗಂಟೆ ಕಂಚು, ಅದು ತವರದ ಜೊತೆಗಿನ ಸಂಸಾರ. ಹೀಗೆ ಮನೆಯ ಕೆಳಗೆ, ಮನೆಯ ಒಳಗೆ ಎಲ್ಲ ಕಡೆ ಇರುವ ತಾಮ್ರ ಮನೆಯ ಮುಖದ ಮೇಲೆ ಯಾಕಿರಬಾರದು? ಕೊಪ್ಪಳದಲ್ಲಿ ಯಾರೂ ಹಾಕಿಸಿಲ್ಲ ಎಂಬುದು ಎರಡನೆಯ ಕಾರಣ. ನಿಜ ಹೇಳಬೇಕೆಂದರೆ ಅದೇ ಮೊದಲನೆಯದು.

ಪ್ರವೀಣ ಸರಗೆ ಹೇಳಿದೆ. ಅವರಿಗೆ ಖುಷಿಯಾಯಿತು. "ಹಾಕ್ಕೊ ಯಮನೂರಪ್ಪಣ್ಣ. ಇದಕ್ಕ ಬಣ್ಣ ಬ್ಯಾಡ, ಪಾಲಿಶ್ ಬ್ಯಾಡ. ಮೊದಲ ಕಂದು ಆಗ್ತೈತಿ, ಆಮ್ಯಾಲ ಕಪ್ಪಗಾಗ್ತೈತಿ. ಮಳಿ ಹೆಚ್ಚಿರೋ ಕಡೆ ವರ್ಷಾನುಗಟ್ಲೆ ಬಿಟ್ರ ಹಸರೂ ಆಗ್ತೈತಿ. ಮ್ಯಾಲ ಕುಂದ್ರೋ ಆ ಪದರಾನ ಅದನ್ನ ಕಾಯ್ತೈತಿ. ಆದ್ರ ಒಂದ್ ಮಾತು, ಅದನ್ನ ಯಾರೂ ಮುಟ್ಟಬಾರದು" ಎಂದರು. ಮದುವೆಯಾದ ಯಾವ ಗಂಡಸೇ ಆಗಲಿ, ಈ ಕೊನೆಯ ಮಾತು ಕೇಳಿದ ಕೂಡಲೇ ಕೈ ಮುಗಿದು ಎದ್ದು ಬರಬೇಕಿತ್ತು. ಪ್ರವೀಣ ಸರಗೆ ಇನ್ನೂ ಮದುವೆಯಾಗಿರಲಿಲ್ಲ. ನನಗೆ ಆಗಿದ್ದರೂ ನೆನಪಾಗಲಿಲ್ಲ.

ಹುಬ್ಬಳ್ಳಿಯಿಂದ ಹಾಳೆ ತಂದೆ. ಎಷ್ಟಾಯಿತೆಂದು ಬರೆಯುವುದಿಲ್ಲ, ಏಳನೆಯ ಇಯತ್ತೆ ಓದಿದವಳು ಇದನ್ನೂ ಓದಬಹುದು. ಕಬ್ಬಿಣದ ಚೌಕಟ್ಟು ಮಾಡಿಸಿ, ಮರದ ಸುತ್ತಿಗೆಯಿಂದ ತಾಮ್ರವನ್ನು ಮೆಲ್ಲಗೆ ಬಡಿದು, ಅಂಚು ಮಡಚಿ, ಬಿಲ್ಲಿನ ಹಾಗೆ ಬಾಗಿಸಿ ಕೂರಿಸಿದೆ. ಮೊದಲು ಕಬ್ಬಿಣದ ಸ್ಕ್ರೂ ಹೊಡೆದಿದ್ದೆ. ಪ್ರವೀಣ ಸರ ಫೋನಿನಲ್ಲೇ ತಲೆ ಚಚ್ಚಿಕೊಂಡರು. ತಾಮ್ರಕ್ಕೆ ಕಬ್ಬಿಣ ತಗುಲಿ ನಡುವೆ ನೀರು ಸೇರಿದರೆ ತಾಮ್ರ ಕಬ್ಬಿಣವನ್ನು ತಿಂದು ಹಾಕುತ್ತದಂತೆ, ಒಬ್ಬರೇ ಮಾತಾಡುವ ಮನೆಯಲ್ಲಿ ಇನ್ನೊಬ್ಬರು ಸೊರಗುವ ಹಾಗೆ. ಎಲ್ಲ ಬಿಚ್ಚಿ, ಚೌಕಟ್ಟಿಗೂ ಹಾಳೆಗೂ ನಡುವೆ ರಬ್ಬರಿನ ಪಟ್ಟಿ ಕೊಟ್ಟು, ಹಿತ್ತಾಳೆ ಸ್ಕ್ರೂ ಹಾಕಿದೆ. ಆ ಸ್ಕ್ರೂಗಳ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಎಷ್ಟು ವರ್ಷವಾದರೂ ತುಕ್ಕು ಹಿಡಿಯುವುದಿಲ್ಲ, ಯಾವಾಗ ಬೇಕಾದರೂ ಸಲೀಸಾಗಿ ಬಿಚ್ಚಬಹುದು. ಈ ಗುಣ ನನ್ನ ಮೇಲೆಯೇ ತಿರುಗಿ ಬೀಳುತ್ತದೆಂದು ಆಗ ಹೇಗೆ ಗೊತ್ತಾಗಬೇಕು.

ಮೊದಲ ವಾರ ನಮ್ಮ ಓಣಿ ನನ್ನದಾಗಿತ್ತು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಭಾಗ್ಯನಗರದಿಂದ ಸೀರೆ ಗಂಟು ಹೊತ್ತು ಬರುವವನು, "ಬಂಗಾರದ್ದೇನ್ರಿ ಮೇಸ್ತ್ರಿ" ಎಂದು ಕೇಳಿದ. ಅಲ್ಲಪ್ಪ ಎಂದೆ, ಆದರೆ ಕೂಡಲೇ ಎನ್ನಲಿಲ್ಲ. ನೀಲಮ್ಮನೂ ಸೆರಗು ಸರಿ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುವುದು ಜಾಸ್ತಿಯಾಯಿತು. ಆ ಕೆಂಪು ಹೊಳಪಿನಲ್ಲಿ ಅವಳ ಮುಖ ಮದುವೆಯ ದಿನದ ಹಾಗೆ ಕಂಡಿತೆಂದು ಹೇಳಿದೆ. "ಹಂಗಾರ ದಿನಾ ಹೊಳೀಲಿ" ಎಂದಳು. ನಾನು ಆ ಮಾತಿನ ಆಳ ನೋಡಲಿಲ್ಲ.

ಎರಡನೆಯ ವಾರ ಸಜ್ಜಾದ ಮೇಲೆ ಕೈಗಳು ಮೂಡಿದವು. ತಾಮ್ರವನ್ನು ಬೆವರುಗೈಯಿಂದ ಹಿಡಿದರೆ ಆ ಗುರುತು ಆಗ ಕಾಣುವುದಿಲ್ಲ, ಆಮೇಲೆ ಕಪ್ಪಗೆ ಏಳುತ್ತದೆ. ಕೂರಿಸುವಾಗ ನಾನು ಎಲ್ಲೆಲ್ಲಿ ಹಿಡಿದಿದ್ದೆನೋ ಅಲ್ಲೆಲ್ಲ ಐದೂ ಬೆರಳು ಬಿಚ್ಚಿದ ಅಂಗೈ. ಯಾರೋ ಸಜ್ಜಾ ಹಿಡಿದುಕೊಂಡು ಜೋತಾಡಿ ಹೋದ ಹಾಗಿತ್ತು. ಆಮೇಲೆ ಉಳಿದದ್ದೂ ಕಂದಾಯಿತು, ಕಂದು ಹೋಗಿ ಮಬ್ಬಾಯಿತು. ನನಗೆ ಸಂತೋಷ. ಪ್ರವೀಣ ಸರ ಹೇಳಿದ ಹಾಗೇ ಆಗುತ್ತಿದೆಯಲ್ಲ ಎಂದು. ಆದರೆ ಓಣಿಯ ಹೆಂಗಸರು ಪ್ರವೀಣ ಸರ ಹತ್ತಿರ ಪಾಠ ಕೇಳಿದವರಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಒಂದು ಮನೆಯ ಯೋಗ್ಯತೆಯನ್ನು ಆ ಮನೆಯ ತಾಮ್ರದ ಕೊಡ ನೋಡಿ ಅಳೆಯುತ್ತಾರೆ. ನನ್ನ ತಾಯಿ ಹೆಣ್ಣು ನೋಡಲು ಹೋದರೆ ಹೆಣ್ಣಿನ ಮುಖಕ್ಕಿಂತ ಮೊದಲು ಬಚ್ಚಲಿನ ಹಂಡೆ ನೋಡುತ್ತಿದ್ದಳು, ನೀರು ಕುಡಿಯುವ ನೆವ ಮಾಡಿ ಅಡುಗೆಮನೆಯ ಕೊಡ ನೋಡುತ್ತಿದ್ದಳು. ಕೊಡ ಹೊಳೆಯುತ್ತಿದ್ದರೆ ಮಾತು ಮುಂದಕ್ಕೆ, ಕಪ್ಪಾಗಿದ್ದರೆ "ಊರು ದೂರ ಆಗ್ತೈತ್ರಿ". ನೀಲಮ್ಮನ ತವರಿನ ಕೊಡದಲ್ಲಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳಬಹುದಿತ್ತು, ಆದ್ದರಿಂದ ನನಗೆ ಮದುವೆಯಾಯಿತು. ಮನೆಗೆ ಬೀಗರು ಬರುತ್ತಾರೆಂದರೆ ಹುಣಸೆಹಣ್ಣು, ಉಪ್ಪು, ಇಟ್ಟಿಗೆಪುಡಿ ಹಾಕಿ ತಿಕ್ಕದೆ ಬಿಟ್ಟ ತಾಮ್ರ ನಮ್ಮ ಕಡೆ ಯಾರ ಮನೆಯಲ್ಲೂ ಇಲ್ಲ. ಕಪ್ಪಾದ ತಾಮ್ರ ಎಂದರೆ ಆ ಮನೆಯ ಹೆಂಗಸಿಗೆ ಹುಷಾರಿಲ್ಲ, ಇಲ್ಲವೇ ಗಂಡನ ಜೊತೆ ಜಗಳ, ಇಲ್ಲವೇ ಸೋಮಾರಿ. ನಾಲ್ಕನೆಯ ಅರ್ಥವಿಲ್ಲ. ಅಂಥ ತಾಮ್ರವನ್ನು ನಾನು ಮುಂಬಾಗಿಲ ಮೇಲೆ, ಹೋಗುವವರು ಬರುವವರು ತಲೆ ಎತ್ತಿ ನೋಡುವ ಕಡೆ ಹೊಡೆದು ಕೂರಿಸಿದ್ದೆ.

ಎದುರು ಮನೆಯ ಶರಣವ್ವ ಮೊದಲು ಬಾಯಿಬಿಟ್ಟಳು. "ಯಾಕ ನೀಲಮ್ಮಕ್ಕ, ಮೈಯಾಗ ಛಲೋ ಇಲ್ಲೇನು? ಕಷಾಯ ಕುದಸಿ ತಂದ್ಕೊಡ್ಲೇನು?" ನೀಲಮ್ಮ ಒಳಗೆ ಬಂದು ನನ್ನ ಮುಂದೆ ತಟ್ಟೆಯನ್ನು ಕುಕ್ಕಿದ ರಭಸಕ್ಕೆ ರೊಟ್ಟಿಯೇ ತಟ್ಟೆಯಿಂದ ಹೊರಗೆ ಹಾರಿತು.

"ಅದು ಹೊಲಸಲ್ಲ" ಎಂದೆ. "ತಾಮ್ರ ತನ್ನ ಮೈ ಕಾಯಾಕ ಮ್ಯಾಲ ಅಂಗಿ ಹಾಕ್ಕೊಳ್ಳಾಕತ್ತೈತಿ."

"ನನ್ನ ಮಾನ ತಗದು ಅದು ಅಂಗಿ ಹಾಕ್ಕೊಳ್ಳಾಕತ್ತೈತೇನು?"

"ಇಂಜಿನಿಯರು ಹೇಳ್ಯಾರ. ಓದಿದವರು."

"ಅವರ ಮನ್ಯಾಗ ತಂಬಗಿ ತಿಕ್ಕವರು ಯಾರಂತ ಕೇಳೀರೇನು?"

ಕೇಳಿರಲಿಲ್ಲ. ನೀರು ಕುಡಿದೆ. ಕುಡಿದದ್ದು ತಾಮ್ರದ ತಂಬಿಗೆಯಿಂದ, ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ಬೇಕೆಂದೇ ಅದನ್ನು ಇಟ್ಟಿದ್ದಳೆಂದು ನನ್ನ ಗುಮಾನಿ.

ಬೇಸಿಗೆ ಬಂತು. ಕೊಪ್ಪಳದ ಬಿಸಿಲಿಗೆ ಮನುಷ್ಯರೇ ಬಿರಿಯುತ್ತಾರೆ, ತಾಮ್ರ ಸುಮ್ಮನಿರುತ್ತದೆಯೇ? ಮಧ್ಯಾಹ್ನ ಹಿಗ್ಗುವಾಗ ಒಂದು ಸಲ ಟಪ್ ಎನ್ನುವುದು, ಸಂಜೆ ಕುಗ್ಗುವಾಗ ಇನ್ನೊಂದು ಸಲ. ಯಾರೋ ಕಲ್ಲು ಒಗೆಯುತ್ತಿದ್ದಾರೆಂದು ಶರಣವ್ವನ ಗಂಡ ಕೋಲು ಹಿಡಿದು ಹೊರಗೆ ಬರತೊಡಗಿದ. ನಾನು ಅವನಿಗೆ ಲೋಹ ಹಿಗ್ಗುವ ವಿಚಾರ ತಿಳಿಸಿ ಹೇಳಿದೆ. ಅವನು ಪೂರ್ತಿ ಕೇಳಿ, "ಹಂಗೇನ್ರಿ" ಎಂದು, ಕೋಲು ಕೈಯಲ್ಲೇ ಇಟ್ಟುಕೊಂಡ. ಆಮೇಲೆ ಮಳೆ ಬಂತು. ಸಜ್ಜಾದ ಅಂಚಿನಿಂದ ಇಳಿದ ನೀರು, ನಾನು ಮೂರು ಕೈ ಸುಣ್ಣದ ಬಣ್ಣ ಹೊಡೆದಿದ್ದ ಬಿಳಿ ಗೋಡೆಯ ಮೇಲೆ ಹಸಿರು ಗೆರೆ ಬಿಟ್ಟಿತು. ಸಜ್ಜಾವನ್ನು ಗೋಡೆಯಿಂದ ಇನ್ನೊಂದು ಗೇಣು ಹೊರಗೆ ಚಾಚಿ ನೀರು ದೂರ ಬೀಳಿಸಬೇಕಿತ್ತು, ಅದು ನನ್ನ ತಪ್ಪು. ಆದರೆ ನೀಲಮ್ಮ ಅದಕ್ಕೆ ಬೇರೆ ಹೆಸರು ಕೊಟ್ಟಳು. "ಕಿಲುಬು ಇಳ್ಯಾಕತ್ತೈತಿ. ಕಿಲುಬು ಹಿಡಿದ ಭಾಂಡೆದಾಗ ಮಜ್ಜಿಗಿ ಇಟ್ರ ವಾಂತಿ ಆಗ್ತೈತಿ, ನೀವು ಅದರ ಕೆಳಗ ನನ್ನ ಓಡಾಡಸ್ತೀರಿ."

ಒಂದು ದಿನ ಕೆಲಸ ಮುಗಿಸಿ ಬಂದು ನೋಡಿದರೆ ಸಜ್ಜಾದ ಅರ್ಧ ಭಾಗ ಮತ್ತೆ ಕೆಂಪಗೆ ಹೊಳೆಯುತ್ತಿತ್ತು. ಸ್ಟೂಲಿನ ಮೇಲೆ ನಿಂತ ನೀಲಮ್ಮನ ಕೈ ಎಲ್ಲಿಯವರೆಗೆ ನಿಲುಕಿತ್ತೋ ಅಲ್ಲಿಯವರೆಗೆ ಹೊಸದು, ಅದರ ಮೇಲೆ ಹಳೆಯದು. ಕ್ಷೌರದ ನಡುವೆ ಗಿರಾಕಿ ಎದ್ದು ಹೋದ ಹಾಗೆ. ನಾನು ಕೂಗಾಡಿದೆ, ಅವಳು ಕೂಗಾಡಿದಳು, ಎರಡು ದಿನ ನಮ್ಮ ಮನೆಯಲ್ಲಿ ಸಜ್ಜಾ ಒಂದೇ ಮಾತಾಡುತ್ತಿತ್ತು, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ.

ಇಷ್ಟೇ ಆಗಿದ್ದರೆ ಇದು ಗಂಡಹೆಂಡಿರ ಜಗಳ, ಬರೆಯುವಂಥದ್ದಲ್ಲ. ಆದರೆ ಅದೇ ಸಮಯಕ್ಕೆ ಪ್ರವೀಣ ಸರ ಫೋನ್ ಮಾಡಿದರು. ಗಂಗಾವತಿಯಲ್ಲಿ ಅಕ್ಕಿ ಮಿಲ್ಲಿನ ಮಾಲೀಕರೊಬ್ಬರು ದೊಡ್ಡ ಬಂಗಲೆ ಕಟ್ಟಿಸುತ್ತಾರೆ, ನಕ್ಷೆ ಪ್ರವೀಣ ಸರದು, ಮುಂಭಾಗಕ್ಕೆ ತಾಮ್ರ ಹಾಕಬೇಕೆಂದು ಅವರ ಆಸೆ. ಮಾಲೀಕರು ತಾಮ್ರ ಹಳೆಯದಾದ ಮೇಲೆ ಹೇಗೆ ಕಾಣುತ್ತದೆಂದು ಕಣ್ಣಾರೆ ನೋಡಬೇಕೆನ್ನುತ್ತಾರಂತೆ. "ಭಾನುವಾರ ನಿಮ್ಮ ಮನಿಗೆ ಕರ್ಕೊಂಡು ಬರ್ತೀನಿ ಯಮನೂರಪ್ಪಣ್ಣ. ಅವರಿಗೆ ಮನಸ್ಸಿಗೆ ಬಂತಂದ್ರ ಪಾಯದಿಂದ ಹಿಡಿದು ಪೂರಾ ಕೆಲಸ ನಿನಗ" ಎಂದರು. ಇದರ ಅರ್ಥ ಕೈಕೆಲಸದವರಿಗೆ ಮಾತ್ರ ಗೊತ್ತು. ಇಷ್ಟು ವರ್ಷ ನಾನು ಕಟ್ಟಿದ್ದೆಲ್ಲ ಇನ್ನೊಬ್ಬ ಗುತ್ತಿಗೆದಾರನ ಕೈ ಕೆಳಗೆ, ಅವನ ಹೆಸರಿನಲ್ಲಿ. ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸುವಾಗ "ಈ ಗೋಡೆ ನಂದು" ಎನ್ನುತ್ತಿದ್ದೆನೇ ಹೊರತು "ಈ ಮನೆ ನಂದು" ಎನ್ನಲು ಬಾಯಿ ಬರುತ್ತಿರಲಿಲ್ಲ. ಗಂಗಾವತಿಯ ಬಂಗಲೆ ಪಾಯದಿಂದ ಸಜ್ಜಾದವರೆಗೆ ನನ್ನದಾಗುವುದಿತ್ತು.

ನೀಲಮ್ಮನನ್ನು ಕೂರಿಸಿಕೊಂಡು ಮೆತ್ತಗೆ ಹೇಳಿದೆ. ಕುಷ್ಟಗಿಯಲ್ಲಿ ಸ್ಲ್ಯಾಬ್ ಕೆಲಸ ಇದೆ, ಶನಿವಾರದವರೆಗೆ ನಾನಲ್ಲೇ ಇರುತ್ತೇನೆ, ಭಾನುವಾರ ದೊಡ್ಡವರು ಬರುತ್ತಾರೆ, ಇದು ನಮ್ಮ ಜೀವನದ ಪ್ರಶ್ನೆ, ಆದ್ದರಿಂದ ನೀನು ಹುಣಸೆಹಣ್ಣು ಹಿಡಿದು ಅದರ ಹತ್ತಿರ ಹೋಗಬಾರದು.

"ದೊಡ್ಡವರು ನಮ್ಮ ಮನಿ ಮುಖ ನೋಡಾಕ ಬರ್ತಾರೇನು?" ಎಂದು ಕೇಳಿದಳು.

"ಅದನ್ನ ನೋಡಾಕ ಬರ್ತಾರ. ಅದನ್ನ ನೋಡಿ ಕೆಲಸ ಕೊಡ್ತಾರ."

"ಆತು, ನಾ ಅದಕ್ಕ ಕೈ ಹಚ್ಚಂಗಿಲ್ಲ" ಎಂದಳು. ನೀಲಮ್ಮ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ, ಆಕೆ ಕೊನೆಯವರೆಗೂ ಅದಕ್ಕೆ ಕೈ ಹಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕುಷ್ಟಗಿಯಿಂದ ಬಂದು ಓಣಿಯ ತಿರುವಿನಲ್ಲಿ ಇಳಿದೆ. ನನ್ನ ಮನೆ ನನಗೇ ಗುರುತು ಸಿಗಲಿಲ್ಲ. ಮುಂಬಾಗಿಲ ಮೇಲೆ ಬೆಳ್ಳಗೆ, ತಣ್ಣಗೆ, ಹೊಸ ಡಬ್ಬದ ಮುಚ್ಚಳದ ಹಾಗೆ ಒಂದು ಸಜ್ಜಾ ಹೊಳೆಯುತ್ತಿತ್ತು. ಅಂಗಳದಲ್ಲಿ ಇದ್ದಿಲಿನ ಬೂದಿ, ನವಸಾಗರದ ವಾಸನೆ, ಕರಗಿ ಬಿದ್ದ ತವರದ ಹನಿಗಳು. ಅದರ ನಡುವೆ ನೀಲಮ್ಮ ಕೊಟ್ಟ ಚಹಾ ಕುಡಿಯುತ್ತ ಕಲಾಯಿ ಮಾಬುಸಾಬ ಕುಳಿತಿದ್ದ. ಓಣಿ ಓಣಿ ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುವುದು ಅವನ ವೃತ್ತಿ. ಅವನ ತಂದೆಯದೂ ಅದೇ. ಸ್ಟೀಲು ಬಂದ ಮೇಲೆ ಕರೆಯುವವರು ಕಡಿಮೆಯಾಗಿದ್ದಾರೆ, ಆದ್ದರಿಂದ ಕರೆದ ಕಡೆ ಮನಸ್ಸು ಬಿಚ್ಚಿ ಕೆಲಸ ಮಾಡುತ್ತಾನೆ.

"ಬರ್ರಿ ಮೇಸ್ತ್ರಿ" ಎಂದ. "ನಿಮ್ಮ ಸ್ಕ್ರೂ ಭಾಳ ಛಲೋ ಅದಾವ ನೋಡ್ರಿ, ಹಿತ್ತಾಳಿವು. ತಿರುವಿದ ಕೂಡಲೆ ಬಂದ್ವು. ಕಬ್ಬಿಣದ್ದು ಇದ್ರ ತುಕ್ಕ ಹಿಡಿದು ಜಪ್ಪಯ್ಯ ಅಂದ್ರೂ ಬರ್ತಿದ್ದಿಲ್ಲ. ಇಳಿಸಿ, ಇಲ್ಲೇ ಭಟ್ಟಿ ಹೂಡಿ, ಎರಡು ಸರ್ತಿ ಕಲಾಯಿ ಕೊಟ್ಟೀನಿ. ಕೊಡ ಮಾಡೀನಿ, ಹಂಡೇವು ಮಾಡೀನಿ, ದರ್ಗಾದ ಉರುಸಿನ ದೇಗು ಮಾಡೀನಿ. ಮನಿಗೆ ಕಲಾಯಿ ಮಾಡಿದ್ದು ಇದ ಮೊದಲು."

ನಾನು ಕೈಚೀಲ ಕೆಳಗಿಟ್ಟು ಸಜ್ಜಾವನ್ನೇ ನೋಡುತ್ತ ನಿಂತೆ. ಅವನು ಅದನ್ನು ಮೆಚ್ಚುಗೆ ಎಂದುಕೊಂಡ. "ಇನ್ನ ನೀವು ಚಿಂತಿ ಮಾಡಬ್ಯಾಡ್ರಿ. ಇದರ ಮ್ಯಾಲ ಹುಳಿ ಸಾರು ಇಟ್ರೂ ಕೆಡಂಗಿಲ್ಲ" ಎಂದ.

ಸಜ್ಜಾದ ಮೇಲೆ ಸಾರು ಇಡುವ ಸಂದರ್ಭ ನನ್ನ ಜೀವನದಲ್ಲಿ ಬರುವುದಿಲ್ಲವೆಂದು ಅವನಿಗೆ ಹೇಗೆ ಹೇಳುವುದು. ಒಳಗಿನಿಂದ ನೀಲಮ್ಮ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ದೊಡ್ಡವರು ಬರುತ್ತಾರೆಂದು. ಸಿಟ್ಟಿನಿಂದ ಅವಳನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಸಜ್ಜಾ ನೋಡುತ್ತಿದ್ದಳು. "ನೀವು ಹೇಳಿದ್ರೆಲ್ಲ, ಅದನ್ನ ನೋಡಿ ನಿಮಗ ಕೆಲಸ ಕೊಡ್ತಾರಂತ. ಅರ್ಧ ಕರ್ರಗ, ಅರ್ಧ ಕೆಂಪಗ, ಗ್ವಾಡಿ ತುಂಬ ಕಿಲುಬು. ಹಂಗ ಹೆಂಗ ತೋರಸೂದು? ಕಲಾಯಿ ಹಾಕಿದ್ರ ಕರ್ರಗಾಗಂಗಿಲ್ಲ, ಕಿಲುಬು ಇಳ್ಯಂಗಿಲ್ಲ. ನಾ ಕೈ ಹಚ್ಚಿಲ್ಲ. ಮಾಬುಸಾಬ ಅಣ್ಣಾರನ್ನ ಕೇಳ್ರಿ." ಮಾಬುಸಾಬ ಹೌದೆಂದು ತಲೆಯಾಡಿಸಿದ. ಸಿಟ್ಟು ಮಾಡಲು ಇಬ್ಬರಲ್ಲಿ ಒಬ್ಬರಾದರೂ ಏನಾದರೂ ತಪ್ಪು ಮಾಡಿರಬೇಕಲ್ಲ. ಹುಡುಕಿದೆ, ಸಿಗಲಿಲ್ಲ.

ಮತ್ತೆ ತಿಕ್ಕಿ ತೆಗೆಯಲು ಸಮಯವಿರಲಿಲ್ಲ. ಬಿಳಿ ಕಾರು ಓಣಿಯೊಳಗೆ ಬಂದೇಬಿಟ್ಟಿತು. ಪ್ರವೀಣ ಸರ ಮೊದಲು ಇಳಿದರು, ಇಳಿದವರು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತರು. ಹಿಂದೆ ಮಿಲ್ಲಿನ ಮಾಲೀಕರು, ಅವರ ಹಿಂದೆ ಅವರ ಹೆಂಡತಿ. ಕಾಲುವೆ ಬಂದ ಕಾಲದಲ್ಲಿ ಆಂಧ್ರದಿಂದ ಬಂದು ನೆಲೆನಿಂತ ಮನೆತನ, ಕನ್ನಡ ಚೆನ್ನಾಗಿ ಆಡುತ್ತಾರೆ. ಮಾಲೀಕರು ಸಜ್ಜಾ ನೋಡಿದರು, ಆಚೆ ಈಚೆ ಮನೆಗಳನ್ನು ನೋಡಿದರು, ಮತ್ತೆ ಸಜ್ಜಾ ನೋಡಿದರು.

"ತಾಮ್ರ ಎಲ್ಲಿದೆ ಮೇಸ್ತ್ರಿಗಾರು?"

"ಇದರಾಗ ಐತ್ರಿ" ಎಂದೆ.

"ಇದು ತಗಡಲ್ಲವಾ?"

ಮೂವತ್ತು ವರ್ಷ ಬಿಸಿಲಲ್ಲಿ ಕೆಲಸ ಮಾಡಿದ ಮನುಷ್ಯನಿಗೆ ಅವನ ತಾಮ್ರವನ್ನು ತಗಡೆಂದರೆ ಏನಾಗುತ್ತದೆಂದು ಓದುಗರು ಊಹಿಸಿಕೊಳ್ಳಬೇಕು. ಬುದ್ಧಿವಂತನಾದರೆ ನಡೆದದ್ದನ್ನು ಹೇಳಿ ನಗುತ್ತಿದ್ದ. ನಾನು ಒಳಗೆ ಹೋಗಿ ಗಾರೆ ಮೆತ್ತುವ ಕರಣಿ ತಂದೆ. ಸ್ಟೂಲ್ ಹಾಕಿದೆ. ಹತ್ತಿ, ಮಾಬುಸಾಬನ ಕಣ್ಣೆದುರಿಗೇ, ಅವನ ಕಲಾಯಿಯ ಮೇಲೆ ಕರಣಿಯ ಮೂಲೆಯಿಂದ ಉದ್ದಕ್ಕೆ ಒಂದು ಗೆರೆ ಗೀಚಿದೆ. ಬಿಳಿಯ ನಡುವೆ ಕೆಂಪು ಗೆರೆ ಮೂಡಿತು. "ನೋಡ್ರಿ" ಎಂದೆ. ಸಾಲದೆಂದು ಇನ್ನೊಂದು ಗೀಚಿದೆ. ಆ ಕಡೆಯಿಂದ ಕಾಣಲಿಕ್ಕಿಲ್ಲವೆಂದು ಆ ಕಡೆಗೂ ಒಂದು. ಮಾಬುಸಾಬ ಚಹಾದ ಬಟ್ಟಲು ಕೆಳಗಿಟ್ಟು ಮುಖ ಬೇರೆ ಕಡೆ ತಿರುಗಿಸಿದ. ಮಾಲೀಕರು, "ಆಯ್ತು ಆಯ್ತು, ನಂಬಿದೆ, ಇಳೀರಿ" ಎಂದರು. ನಾನು ಇಳಿಯುವಾಗ ಪ್ರವೀಣ ಸರ ನನ್ನ ಕಿವಿಯಲ್ಲಿ, "ಅಣ್ಣಾ, ನಾ ಏನ್ ಹೇಳಿದ್ದೆ" ಎಂದರು. ಹೇಳಿದ್ದು ಒಂದೇ ಮಾತು, ಅದು ನನಗೂ ನೆನಪಿತ್ತು.

ಕೆಲಸ ಹೋಯಿತೆಂದು ನಾನು ಅಂಗಳದ ಬೂದಿ ನೋಡುತ್ತ ನಿಂತೆ. ಅಷ್ಟರಲ್ಲಿ ಮಿಲ್ಲಿನ ಅಮ್ಮನವರು ನೀಲಮ್ಮನ ಹತ್ತಿರ ಹೋಗಿದ್ದರು. ಹೆಂಗಸರ ಮಾತು ಬಾಗಿಲಲ್ಲಿ ನಿಂತೇ ಶುರುವಾಯಿತು, ನಮಗೆಲ್ಲ ಕೇಳುವ ಹಾಗೆ.

"ಇದು ಕಪ್ಪಾಗುತ್ತಾ?"

"ಆಗ್ತೈತ್ರಿ ಅಮ್ಮಾ. ಬೆರಳು ಬೆರಳು ಮೂಡ್ತಾವ. ಮಳಿ ಬಂದ್ರ ಕಿಲುಬು ಇಳೀತೈತಿ, ಬಿಸಲಾಗ ಸಪ್ಪಳ ಮಾಡ್ತೈತಿ."

"ಯಾರು ತಿಕ್ಕೋದು?"

"ಏರಸೂದು ಗಂಡಸರು ಏರಸ್ತಾರ್ರಿ" ಎಂದಳು ನೀಲಮ್ಮ. ಹೇಳಿ, ತನ್ನ ಎರಡೂ ಅಂಗೈ ಮುಂದೆ ಚಾಚಿದಳು.

ಅಮ್ಮನವರು ಗಂಡನ ಕಡೆ ತಿರುಗಿ, "ನಮ್ಮ ಮನೆಗೆ ತಾಮ್ರ ಬೇಡ" ಎಂದರು. ಮಾಲೀಕರು ಪ್ರವೀಣ ಸರ ಮುಖ ನೋಡಿದರು, ಪ್ರವೀಣ ಸರ ಆಕಾಶ ನೋಡಿದರು. ನನ್ನ ಬಂಗಲೆ ಪಾಯದ ಸಮೇತ ಕುಸಿಯಿತು. ಆಗ ನೀಲಮ್ಮ ಮತ್ತೆ ಬಾಯಿ ತೆರೆದಳು.

"ತಾಮ್ರ ಬ್ಯಾಡ್ರಿ ಅಮ್ಮಾ. ಮನಿ ಮಾತ್ರ ಇವರ ಕಡೇನ ಕಟ್ಟಸ್ರಿ. ಒಳಗ ಬಂದು ನೋಡ್ರಿ, ಎಲ್ಲೆರ ಒಂದು ಕೂದಲೆಳಿ ಸೀಳ ಇದ್ರ ತೋರಸ್ರಿ. ಇಷ್ಟು ಮಳಿಗಾಲ ಹೋದ್ವು, ಒಂದ್ ಹನಿ ಸೋರಿಲ್ಲ. ಫರ್ಸಿ ಮ್ಯಾಲ ನೀರು ಹಾಕಿದ್ರ ತಾನ ಹರದು ಮೋರಿಗೆ ಹೋಗ್ತೈತಿ, ನಾ ಕಸಬರಗಿ ಹಿಡ್ಯೂದ ಬ್ಯಾಡ. ಇವರ ಕೈ ಭಾಳ ಛಲೋ ಐತ್ರಿ. ತಲಿ ಅಷ್ಟ ಆವಾಗೀವಾಗ..."

ಅಮ್ಮನವರು ನಕ್ಕರು. ಒಳಗೆ ಹೋದರು. ಬಹಳ ಹೊತ್ತು ಒಳಗೇ ಇದ್ದರು. ಬಚ್ಚಲಿಗೆ ನೀರು ಸುರಿದ ಸದ್ದು ಕೇಳಿತು, ಕಿಟಕಿ ಹಾಕಿ ತೆಗೆದ ಸದ್ದು ಕೇಳಿತು. ಹೊರಗೆ ಬಂದವರು ಗಂಡನಿಗೆ ತೆಲುಗಿನಲ್ಲಿ ನಾಲ್ಕು ಮಾತು ಹೇಳಿದರು. ಮಾಲೀಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಕೆಲಸ ನಿಮ್ಮದೇ. ಸಜ್ಜಾ ಸಿಮೆಂಟಿಂದು" ಎಂದರು. ನನ್ನ ಹೆಂಡತಿ ನನ್ನ ಬಗ್ಗೆ ನಾಲ್ಕು ಜನರ ಮುಂದೆ ಇಷ್ಟು ಹೊಗಳಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಂತೋಷಪಡೋಣವೆಂದರೆ, ಆ ಹೊಗಳಿಕೆಯ ಕೊನೆಯ ಮಾತು ಇನ್ನೂ ಬಾಗಿಲಲ್ಲೇ ನಿಂತಿತ್ತು.

ಗಂಗಾವತಿಯ ಬಂಗಲೆ ಈಗ ಎರಡನೆಯ ಸ್ಲ್ಯಾಬಿಗೆ ಬಂದಿದೆ. ಅದರಲ್ಲೂ ತಾಮ್ರವಿದೆ. ಗೋಡೆಯೊಳಗೆ ತಂತಿ, ಏಸಿಗೆ ಹೋಗುವ ಕೊಳವೆ, ಎಲ್ಲ ಪ್ಲಾಸ್ಟರಿನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ. ಪ್ರವೀಣ ಸರ ಕೆಲಸ ನೋಡಲು ಬಂದಾಗ ಆ ಕೊಳವೆಗಳ ಮೇಲೆ ಒಮ್ಮೆ ಕೈಯಾಡಿಸಿ ನಿಟ್ಟುಸಿರು ಬಿಡುತ್ತಾರೆ. ಅವರಿಗೆ ಹೋದ ತಿಂಗಳು ಮದುವೆಯಾಯಿತು. ಮೊನ್ನೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ತಾಮ್ರದ ತಂಬಗಿ ಛಲೋ ಹೊಳೀಬೇಕಂದ್ರ ಇಟ್ಟಿಗಿಪುಡಿ ಹಾಕಬೇಕೇನು" ಎಂದು ಕೇಳಿದರು.

ನನ್ನ ಸಜ್ಜಾದಲ್ಲಿ ಕಲಾಯಿ ಗಟ್ಟಿಯಾಗಿ ಕೂತಿದೆ, ಮಾಬುಸಾಬನ ಕೆಲಸದಲ್ಲಿ ಮೋಸವಿಲ್ಲ. ಹಸಿರು ಇಳಿಯುವುದು ನಿಂತಿದೆ. ತೊಂದರೆ ಇರುವುದು ನಾನು ಗೀಚಿದ ಗೆರೆಗಳಲ್ಲಿ. ಅಲ್ಲಿ ತಾಮ್ರ ತೆರೆದುಕೊಂಡಿದೆ, ತೆರೆದುಕೊಂಡದ್ದು ಕಪ್ಪಾಗುತ್ತದೆ. ಬಿಳಿಯ ಮೇಲಿನ ಕಪ್ಪು ಗೆರೆ ಓಣಿಯ ಆ ತುದಿಗೂ ಕಾಣುತ್ತದೆ. ಮತ್ತೆ ಕಲಾಯಿ ಹಾಕು ಎಂದು ಕೇಳಲು ಹೋದರೆ ಮಾಬುಸಾಬ ಇನ್ನೂ ನನ್ನ ಕಡೆ ಸರಿಯಾಗಿ ನೋಡುವುದಿಲ್ಲ. "ಗೀಚಿದವರು ನೀವು, ತಿಕ್ಕವರೂ ನೀವ" ಎಂದು ನೀಲಮ್ಮ ತೀರ್ಪು ಕೊಟ್ಟಿದ್ದಾಳೆ.

ಹೀಗೆ ಮೊನ್ನೆ ಸ್ಟೂಲಿನ ಮೇಲೆ ನಿಂತು, ಹುಣಸೆಹಣ್ಣು ಹಿಡಿದು ಗೆರೆಗಳನ್ನು ತಿಕ್ಕುತ್ತಿದ್ದೆ. ಯಲಬುರ್ಗಾದ ಕಡೆಯವನೊಬ್ಬ ಮೋಟರ್ ಸೈಕಲ್ ನಿಲ್ಲಿಸಿದ. ಹೊಸ ಮನೆ ಕಟ್ಟಿಸುವವನಂತೆ. ಯಾರೋ ಹೇಳಿದ್ದರಂತೆ, ನೋಡಿಕೊಂಡು ಹೋಗಲು ಬಂದಿದ್ದ.

"ಅಣ್ಣಾರ, ಈ ಓಣ್ಯಾಗ ತಾಮ್ರದ ಸಜ್ಜಾದ ಮನಿ ಐತಂತಲ್ರಿ, ಎಲ್ಲಿ ಬರ್ತೈತ್ರಿ?"

ಕರಣಿ ಕಿಟಕಿಯ ಮೇಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ನೀಲಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ, ಆದರೆ ಅಕ್ಕಿಯ ಮೇಲಿನ ಅವಳ ಬೆರಳು ನಿಂತವು. ಇನ್ನೊಂದು ಗೆರೆ ಗೀಚಿದರೆ ಅದನ್ನು ತಿಕ್ಕುವವರು ಯಾರೆಂದು ಲೆಕ್ಕ ಹಾಕಿದೆ.

"ಗೊತ್ತಿಲ್ಲಪ್ಪ, ಮುಂದ ಕೇಳು" ಎಂದೆ.

ಅವನು ಗಾಡಿ ಚಾಲೂ ಮಾಡಿದ. ಹೊರಡುವ ಮೊದಲು ಒಮ್ಮೆ ಮೇಲೆ ನೋಡಿ, "ನಿಮ್ಮ ತಗಡೂ ಛಲೋ ಹೊಳೀತೈತ್ರಿ" ಎಂದ.

"ದಿನಾ ತಿಕ್ತೀನಲ್ಲಪ್ಪ" ಎಂದೆ.